ಎಡೋಗಾವಾದ ಅಳುವ ಸಭೆ

ಬಾಲ್ಕನಿ

ಜಪಾನ್ ನೋಡಲು ಹೋದವಳು ನಾನು. ನೋಡಿದ್ದು ಒಂದು ಬಾಲ್ಕನಿ, ಒಂದು ಪಾರ್ಕು, ಒಂದು ಸಭಾಂಗಣ. ಕೊರೊನಾ ಬಂದ ವರ್ಷ ಪ್ರವಾಸ ಹೊರಟವರ ಹಣೆಯಲ್ಲಿ ಅಷ್ಟೇ ಬರೆದಿತ್ತು. ಫುಜಿ ಪರ್ವತದ ಬಗ್ಗೆ ತಿಳಿಯಬೇಕಾದವರು ಬೇರೆಯವರನ್ನು ಕೇಳಿ. ನಾನು ಅದನ್ನು ಕಂಡದ್ದು ಕೊಂಬಿನಿಯಲ್ಲಿ, ಅಂದರೆ ಬೀದಿ ಮೂಲೆಯ ಅಂಗಡಿಯಲ್ಲಿ, ನೀರಿನ ಬಾಟಲಿಯ ಮೇಲೆ.

ಮಧುಗಿರಿ ಕಡೆಯ ಸರ್ಕಾರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ಆಗಷ್ಟೇ ನಿವೃತ್ತಳಾಗಿದ್ದೆ. ಅಪ್ಪ ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊತ್ತವರು, ಅಮ್ಮ ಕೂಲಿಗೆ ಹುಣಸೆಹಣ್ಣು ಕುಟ್ಟಿದವರು, ನಾನು ಎಂ.ಎ. ನಮ್ಮ ವಂಶದಲ್ಲಿ ಡಿಗ್ರಿಯ ಮುಖ ಕಂಡ ಮೊದಲ ಪ್ರಾಣಿ. ಕೇಳದವರಿಗೂ ಇದನ್ನು ಹೇಳುವ ಅಭ್ಯಾಸ ನನಗಿದೆ, ಸಹಿಸಿಕೊಳ್ಳಿ. ನಮ್ಮ ಮನೆಯ ಕೊನೆಯ ಕೂಸು ಶೋಭಾ. ಅವಳನ್ನು ಓದಿಸಿದ್ದೂ ನಾನೇ. ಗಂಡ ಪ್ರಕಾಶನನ್ನು ಅವನ ಕಂಪನಿ ಟೋಕಿಯೊಗೆ ಕಳಿಸಿತೆಂದು ಬಂದವಳು ಅಲ್ಲಿನ ಎಡೋಗಾವಾ ವಾರ್ಡಿನಲ್ಲೇ ಬೇರು ಬಿಟ್ಟಿದ್ದಳು. ಅವಳ ಮಗಳು ಅದಿತಿಯನ್ನು ನಾನು ಕನ್ನಡದಲ್ಲಿ ಕೇಳಿದರೆ ಅವಳು ಜಪಾನಿಯಲ್ಲಿ ಉತ್ತರಿಸುತ್ತಿದ್ದಳು, ಬೈದರೆ ಇಂಗ್ಲಿಷಿನಲ್ಲಿ. ನಾನು ಬಂದು ಕೆಲವೇ ವಾರಕ್ಕೆ ವಿಮಾನಗಳು ನಿಂತವು. ಪ್ರಕಾಶ ಹಾಸಿಗೆ ಇಡುವ ಗೋಡೆ ಕಪಾಟಿನೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸು ಶುರು ಮಾಡಿದ. ಮೀಟಿಂಗ್ ಇದ್ದಾಗ ಕಪಾಟಿನಿಂದ "ಹಾಯ್, ಹಾಯ್" ಎಂಬ ದನಿ ಬರುತ್ತಿತ್ತು. ಜಪಾನಿಯಲ್ಲಿ ಹಾಗೆಂದರೆ "ಹೌದು ಸ್ವಾಮಿ" ಎಂದಂತೆ. ನಾನು ಎರಡು ದಿನ ಅವನಿಗೆ ಎಲ್ಲೋ ನೋವಿದೆ ಎಂದುಕೊಂಡಿದ್ದೆ.

ಆ ಮಾರ್ಚಿನಲ್ಲಿ ಊರಿನಲ್ಲಿ ಎಲ್ಲರೂ ಬಾಗಿಲಿಗೆ ಬಂದು ತಟ್ಟೆ ಬಡಿದದ್ದು ನಿಮಗೆ ನೆನಪಿರಬೇಕು. ನನ್ನ ಫೋನಿಗೂ ಬುಲಾವ್ ಬಂತು. ಊರಿನವರೆಲ್ಲ ಬಡಿಯುವಾಗ ನಾನೊಬ್ಬಳು ಹೊರದೇಶದಲ್ಲಿ ಸುಮ್ಮನೆ ಕೂತರೆ ಹೇಗೆ? ಅಲ್ಲಿ ಸಾಯಂಕಾಲವಾದರೆ ಇಲ್ಲಿ ಊಟ ಮುಗಿದ ಹೊತ್ತು. ಶೋಭಾ ಸ್ನಾನಕ್ಕೆ ಹೋಗಿದ್ದಳು. ನಾನು ಸ್ಟೀಲ್ ತಟ್ಟೆ, ಸೌಟು ಹಿಡಿದು ಬಾಲ್ಕನಿಗೆ ಹೋಗಿ ಬಾರಿಸಿದೆ.

ಜಪಾನಿನ ನಿಶ್ಶಬ್ದ ಎಂಥದ್ದೆಂದು ತಟ್ಟೆ ಬಡಿದವರಿಗೇ ಗೊತ್ತು. ಎದುರಿನ ಕಟ್ಟಡದಲ್ಲಿ ಒಂದೊಂದೇ ಪರದೆ ಸರಿಯಿತು. ಯಾರೂ ಕೂಗಲಿಲ್ಲ, ಬಯ್ಯಲಿಲ್ಲ. ನನ್ನ ಕೈ ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಕೆಳಗಿನ ಮನೆಯ ಬಾಲ್ಕನಿಯಿಂದ ಉತ್ತರ ಬಂತು. ಢಣ್, ಢಣ್, ಢಢಣ್. ಯಾರೋ ಪಾತ್ರೆಯ ಮುಚ್ಚಳ ಬಡಿಯುತ್ತಿದ್ದರು. ಲಯ ನನ್ನದಕ್ಕಿಂತ ಚೆನ್ನಾಗಿತ್ತು.

"ಅಕ್ಕಾ! ಏನ್ ಮಾಡ್ತಿದೀಯ ನೀನು?" ಶೋಭಾ ಒದ್ದೆ ತಲೆಯಲ್ಲಿ ಓಡಿ ಬಂದಳು. "ಇದು ಜಪಾನು! ಇಲ್ಲಿ ಜೋರಾಗಿ ಸೀನಿದ್ರೂ ಸಾರಿ ಕೇಳ್ಬೇಕು!"

ಮರುದಿನ ಲಿಫ್ಟಿನಲ್ಲಿ ಒಂದು ಚೀಟಿ. ಲೋಹದ ವಸ್ತುಗಳಿಂದ ಉಂಟಾಗುವ ಸದ್ದಿನ ಬಗ್ಗೆ ನಿವಾಸಿಗಳೆಲ್ಲರ ಸಹಕಾರ ಕೋರಲಾಗಿತ್ತು. ಹೆಸರಿಲ್ಲ, ಮನೆ ನಂಬರಿಲ್ಲ. ಚೀಟಿಯ ಕೆಳಗೆ ತಲೆಬಾಗಿ ನಿಂತ ಮೊಲದ ಚಿತ್ರ. ಇಷ್ಟು ಮರ್ಯಾದೆಯಿಂದ ನನ್ನ ಮಾನ ಯಾರೂ ಕಳೆದಿರಲಿಲ್ಲ.

ನಾವು ಅದನ್ನು ಓದುತ್ತಿರುವಾಗಲೇ ಲಿಫ್ಟಿಗೆ ಒಬ್ಬ ಅಜ್ಜಿ ಹತ್ತಿದರು. ಚಿಕ್ಕ ದೇಹ, ದೊಡ್ಡ ಮಾಸ್ಕು, ಅದರ ಮೇಲೆ ತುಂಟ ಕಣ್ಣು. ಚೀಟಿ ನೋಡಿದರು, ನನ್ನನ್ನು ನೋಡಿದರು, ಶೋಭಾಳನ್ನು ಏನೋ ಕೇಳಿದರು. ಶೋಭಾ ತಬ್ಬಿಬ್ಬಾದಳು.

"ಏನಂತೆ?"

"ಗುಬ್ಬಚ್ಚಿ ಎಷ್ಟು ಬಿದ್ದವು ಅಂತ ಕೇಳ್ತಿದಾರೆ."

ಪಾರ್ಕು

ಅವರು ಕಿಮಿಯೆ-ಸಾನ್, ಅಂದರೆ ಕಿಮಿಯೆ ಅವರು. ಕೆಳಗಿನ ಮನೆಯವರು, ಎಂಬತ್ತರ ಹತ್ತಿರದವರು. ಬೆಳಿಗ್ಗೆ ಪಾರ್ಕಿನಲ್ಲಿ ರೇಡಿಯೊ ಹಾಡಿಗೆ ವಯಸ್ಸಾದವರೆಲ್ಲ ಸೇರಿ ಕವಾಯತು ಮಾಡುವ ಪದ್ಧತಿ ಅಲ್ಲಿದೆ. ಆ ವರ್ಷ ಗುಂಪು ಸೇರುವಂತಿರಲಿಲ್ಲ. ಆದರೂ ಒಬ್ಬೊಬ್ಬರೇ ದೂರ ದೂರ ನಿಂತು, ಒಬ್ಬರನ್ನೊಬ್ಬರು ಅರಿಯದವರಂತೆ, ಒಂದೇ ಹೊತ್ತಿಗೆ ಒಂದೇ ಕೈ ಎತ್ತುತ್ತಿದ್ದರು. ನಾನೂ ಸೀರೆ ಸಿಕ್ಕಿಸಿಕೊಂಡು ನಿಂತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಿಮಿಯೆ-ಸಾನ್ ಮಾತಾಡಿದ್ದು ಜಪಾನಿ. ನನಗೆ ತಲುಪಿದ್ದು ಶೋಭಾಳ ಬಾಯಿಂದ. ಹಾಗಾಗಿ ನನ್ನ ನೆನಪಿನಲ್ಲಿ ಅವರು ಮಾತಾಡುವುದು ಶುದ್ಧ ಬೆಂಗಳೂರು ಕನ್ನಡವನ್ನೇ. ಏನೂ ಮಾಡುವಂತಿಲ್ಲ.

"ನಾನು ಜಪಾನಿಗಳಿಗೆ ಹುಟ್ಟಿದೋಳು, ಚೈನಾದಲ್ಲಿ ಬೆಳ್ದೋಳು," ಎಂದರು ಕಿಮಿಯೆ-ಸಾನ್, ಬೆಂಚಿನ ಆ ತುದಿಯಲ್ಲಿ ಕೂತು. ಈ ತುದಿಯಲ್ಲಿ ನಾನು. ಮಧ್ಯೆ ನಿಂತ ಶೋಭಾ ಇಬ್ಬರಿಗೂ ತಿರುಗಿ ತಿರುಗಿ ಕತ್ತು ಉಳುಕಿಸಿಕೊಳ್ಳುತ್ತಿದ್ದಳು.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತಾಗ ಉತ್ತರ ಚೀನಾದಲ್ಲಿ ನೆಲೆಸಿದ್ದ ಜಪಾನಿ ಸಂಸಾರಗಳು ಓಡಿದವು. ಓಡಲಾಗದ ಕೂಸುಗಳು ಅಲ್ಲೇ ಉಳಿದವು. ಮೂರು ವರ್ಷದ ಕಿಮಿಯೆಯನ್ನು ಎತ್ತಿಕೊಂಡವಳು ಒಬ್ಬ ಬಡ ಚೀನೀ ಹೆಂಗಸು. ಆಮೇಲೆ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ನಲವತ್ತು ದಾಟಿದ ಮೇಲೆ, ಅಂಥವರನ್ನೆಲ್ಲ ಜಪಾನ್ ವಾಪಸು ಕರೆದುಕೊಂಡಾಗ, ಭಾಷೆಯೇ ಬರದ ತಾಯ್ನಾಡಿಗೆ ಇವರು ಬಂದು ಇಳಿದದ್ದು.

"ಅಲ್ಲಿ ನನ್ನ ಜಪಾನಿ ಪಿಶಾಚಿ ಅಂತಿದ್ರು. ಇಲ್ಲಿ ಬಂದ್ರೆ ಚೈನಾದೋಳು ಅಂದ್ರು. ಪಿಶಾಚಿ ಅನ್ನೋದೇ ಪರವಾಗಿರಲಿಲ್ಲ. ಹೆದರ್ತಿದ್ರು."

ನನಗೋ ಒಳಗೊಳಗೇ ಖುಷಿ. ಕಮ್ಯುನಿಸ್ಟ್ ಚೀನಾವನ್ನು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಏಕಪಕ್ಷ ಆಡಳಿತದ ಲಕ್ಷಣಗಳು, ಹತ್ತು ಅಂಕದ ಪ್ರಶ್ನೆ, ಪ್ರತಿ ವರ್ಷ ಗ್ಯಾರಂಟಿ. ಲಕ್ಷಣವೇ ಎದುರಿಗೆ ಬಂದು ಕೂತಿದೆ! ಗುಬ್ಬಚ್ಚಿ ವಿಷಯ ನಾನೇ ಎತ್ತಿದೆ.

"ಕಾಳು ತಿನ್ನುತ್ತೆ, ಗುಬ್ಬಚ್ಚಿ ಜನಗಳ ಶತ್ರು ಅಂತ ಲೌಡ್‌ಸ್ಪೀಕರಲ್ಲಿ ಹೇಳಿದ್ರು," ಎಂದರು. "ಇಡೀ ಊರು ಪಾತ್ರೆ ತಗೊಂಡು ಬಡೀತು. ಕೂರೋಕೆ ಬಿಡಬಾರದು, ಹಾರಿ ಹಾರಿ ಸುಸ್ತಾಗಿ ಬೀಳ್ಬೇಕು. ನಂಗೆ ಹದಿನಾರು. ನಮ್ಮ ಸ್ಕೂಲಲ್ಲಿ ನಾನೇ ಫಸ್ಟು. ಮುಂದಿನ ವರ್ಷ ಹುಳ ಬಂದು ಬೆಳೆ ತಿಂದವು. ಹುಳ ತಿನ್ನೋಕೆ ಗುಬ್ಬಚ್ಚಿ ಎಲ್ಲಿ? ಮೊನ್ನೆ ಮೇಲಿಂದ ಸದ್ದು ಬಂತಲ್ಲ, ನನ್ನ ಕೈ ತಾನೇ ಮುಚ್ಚಳ ತಗೊಂಡ್ಬಿಡ್ತು. ಯಾಕೆ ಅಂತ ಕೇಳ್ಳೂ ಇಲ್ಲ. ನೀವು ಯಾಕೆ ಬಡಿದ್ರಿ?"

"ಬಡೀಬೇಕು ಅಂತ ಹೇಳಿದ್ರು," ಎಂದೆ.

"ಯಾಕೆ ಅಂತ ಕೇಳಿದ್ರಾ?"

ಎಂ.ಎ. ಮಾಡಿದವಳು ಮಾಸ್ಕು ಸರಿಮಾಡಿಕೊಂಡೆ. ಅಜ್ಜಿ ಬೆಂಚು ಅಲುಗುವಷ್ಟು ನಕ್ಕರು.

ಆ ದಿನಗಳಲ್ಲಿ ಸಂಜೆಯಾದರೆ ವಾರ್ಡಿನ ಧ್ವನಿವರ್ಧಕದಿಂದ, ಭೂಕಂಪ ಬಂದರೆ ಹೇಳಲೆಂದು ಕಂಬದ ಮೇಲೆ ಕಟ್ಟಿರುವಂಥದ್ದು, ಒಂದು ಹೆಣ್ಣುದನಿ ಬರುತ್ತಿತ್ತು. ದಯವಿಟ್ಟು ಹೊರಗೆ ತಿರುಗಾಡುವುದನ್ನು ಕಡಿಮೆ ಮಾಡಿ ಎಂಬ ಮೆತ್ತನೆಯ ಕೋರಿಕೆ. ದನಿ ಕೇಳಿದೊಡನೆ ಕಿಮಿಯೆ-ಸಾನ್ ಎದ್ದು, ಬೆಂಚಿನ ಮೇಲಿನ ಎಲೆಗಳನ್ನು ಕೈಯಲ್ಲಿ ಗುಡಿಸಲು ಶುರು ಮಾಡುತ್ತಿದ್ದರು. ದನಿ ನಿಂತರೆ ಗುಡಿಸುವುದೂ ನಿಲ್ಲುತ್ತಿತ್ತು.

"ಲೌಡ್‌ಸ್ಪೀಕರ್ ಮಾತಾಡುವಾಗ ಕೆಲ್ಸ ಮಾಡ್ತಾ ಇರೋ ಹಾಗೆ ಕಾಣ್ಬೇಕು," ಎಂದರು. "ಏನ್ ಹೇಳ್ತಿದಾರೆ ಅಂತ ಆಮೇಲೆ ಕೇಳಿಸ್ಕೊಂಡ್ರಾಯ್ತು."

ಅವರಿಗೆ ಆ ಕಾಲದ ಹಾಡುಗಳೆಲ್ಲ ಬಾಯಿಪಾಠ. ನಾಯಕನನ್ನು ಸೂರ್ಯನಿಗೆ ಹೋಲಿಸುವ ಹಾಡುಗಳು. ಬಟ್ಟೆ ಒಣಹಾಕುತ್ತಾ ಗುನುಗುತ್ತಿದ್ದರು. ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಚಿಕ್ಕೋಳಿದ್ದಾಗ ಬೇರೆ ಹಾಡು ಯಾರೂ ಕೊಡ್ಲಿಲ್ಲ. ಇವನ್ನೂ ಬಿಟ್ರೆ ನಾನೇನು ಗುನುಗ್ಲಿ?" ಎಂದರು.

ಅಡುಗೆಮನೆ

ಬೇಸಿಗೆಯಲ್ಲಿ ಸೋಂಕು ಸ್ವಲ್ಪ ತಗ್ಗಿದಾಗ ಅವರನ್ನು ಊಟಕ್ಕೆ ಕರೆದೆ. ಕಿಟಕಿಗಳನ್ನೆಲ್ಲ ತೆರೆದು, ಮೇಜಿನ ಆ ಕಡೆ ಅವರು, ಈ ಕಡೆ ನಾವು. ಶೋಭಾ ಪಲಾವ್ ಮಾಡೋಣವೆಂದಳು. ನಾನು ಬಿಡಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ರಾಗಿಹಿಟ್ಟು ಸಿಕ್ಕಿತ್ತು. ನಮ್ಮ ಕಡೆ ನೆಂಟರಿಗೆ ಪಲಾವ್ ಬಡಿಸಿ ಮರ್ಯಾದೆ ಕಳೆದುಕೊಳ್ಳುತ್ತಾರೆಯೇ? ಬಿಸಿಬಿಸಿ ಮುದ್ದೆ, ಸೊಪ್ಪಿನ ಸಾರು, ಮೇಲೆ ತುಪ್ಪ.

ತಟ್ಟೆ ಮುಂದಿಟ್ಟೆ. ಕಿಮಿಯೆ-ಸಾನ್ ಕಪ್ಪು ಮುದ್ದೆಯನ್ನು ನೋಡಿದರು. ಪಕ್ಕದ ಸೊಪ್ಪನ್ನು ನೋಡಿದರು. ಮಾಸ್ಕಿನ ಮೇಲಿನ ಕಣ್ಣು ಗಾಬರಿಯಿಂದ ಅಗಲವಾದವು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು.

ಶೋಭಾ ಅರ್ಥ ಮಾಡಿಕೊಳ್ಳಲು ಒದ್ದಾಡಿದಳು. "ಅಕ್ಕಾ, ಕೋಪ ಮಾಡ್ಕೋಬೇಡ. ಇದು ಕಹಿ ನೆನೆಸ್ಕೊಳೋ ಊಟ ಅಂತಿದಾರೆ."

"ಕಹಿ? ಹಾಗಲಕಾಯಿ ಹಾಕೇ ಇಲ್ವಲ್ಲೇ!"

ಚೀನಾದಲ್ಲಿ ಆಗ ಒಂದು ಪದ್ಧತಿ ಇತ್ತಂತೆ. ಆಗಾಗ ಊರನ್ನೆಲ್ಲ ಸೇರಿಸಿ, ಕ್ರಾಂತಿಗೆ ಮುಂಚಿನ ಕಷ್ಟವನ್ನು ನೆನಪಿಸಲೆಂದು ತೌಡಿನ ಉಂಡೆ, ಕಾಡುಸೊಪ್ಪು ಬಡಿಸುವುದು. ದುಃಖದ ಮುಖ ಮಾಡಿ ತಿನ್ನಬೇಕು. ತಿಂದು, ಈಗಿನ ಸುಖಕ್ಕೆ ಸರ್ಕಾರವನ್ನು ಹೊಗಳಬೇಕು. ಅದಾದ ಮೇಲೆ ಊರಿನ ಒಬ್ಬ ಬಡ ಮುದುಕ ಅಥವಾ ಮುದುಕಿ ಎದ್ದು ನಿಂತು ಜಮೀನ್ದಾರನ ಕಾಲದ ಕಷ್ಟವನ್ನು ಅಳುತ್ತಾ ಹೇಳಬೇಕು. ಕೇಳುವವರೂ ಅಳಬೇಕು. ಅಳದವರನ್ನು ನೋಡಿ ಗುರುತಿಟ್ಟುಕೊಳ್ಳಲು ಬೇರೆ ಜನ ಇರುತ್ತಿದ್ದರು.

ನನಗೆ ಸ್ವಲ್ಪ ಮುನಿಸು ಬಂತು. ನಾನು ಹೆಮ್ಮೆಯಿಂದ ಇಟ್ಟ ಮುದ್ದೆ ಇನ್ನೊಂದು ದೇಶದಲ್ಲಿ ಶಿಕ್ಷೆಯಂತೆ! ಅಗಿಯಬೇಡಿ, ಸಾರಿನಲ್ಲಿ ಅದ್ದಿ ನುಂಗಿ ಎಂದು ತೋರಿಸಿದೆ. ಅವರು ಅಗಿದೇಬಿಟ್ಟರು. ಕಟ್ಟಿಸಿದ ಹಲ್ಲು ಮುದ್ದೆಯೊಳಗೆ ಸಿಕ್ಕಿಕೊಂಡು, ಅದನ್ನು ಬಿಡಿಸಲು ಅವರು ಗೋಡೆಗೆ ತಿರುಗಿ ಕೂತರು. ಆದರೆ ಎರಡನೇ ಮುದ್ದೆಗೆ ಕೈ ಚಾಚಿದಾಗ ನನ್ನ ಮುನಿಸು ಇಳಿಯಿತು.

"ಸೆನ್ಸೇ," ಎಂದರು. ಸೆನ್ಸೇ ಎಂದರೆ ಮೇಡಂ, ಗುರುಗಳೇ ಎಂದಂತೆ. ಆ ಒಂದು ಪದಕ್ಕೇ ನಾನು ಇನ್ನಷ್ಟು ತುಪ್ಪ ಹಾಕಿದೆ. "ಜಮೀನ್ದಾರರ ಕಾಲದಲ್ಲಿ ಇಷ್ಟು ರುಚಿಯಾಗಿ ಸಿಕ್ಕಿದ್ದಿದ್ರೆ ಕ್ರಾಂತಿನೇ ಆಗ್ತಿರಲಿಲ್ಲ."

ಆ ಊಟದ ಮೇಲೆಯೇ ಅವರು ಸಾಕುತಾಯಿಯ ಕಥೆ ಹೇಳಿದ್ದು.

ಕಿಮಿಯೆಗೆ ಇಪ್ಪತ್ತು ದಾಟಿದ ಕಾಲ. ಪಟ್ಟಣದಿಂದ ಒಬ್ಬ ಕನ್ನಡಕದ ಯುವಕ, ಪಕ್ಷದ ಕಾರ್ಯಕರ್ತ, ಊರಿಗೆ ಬಂದ. ಕಷ್ಟ ಹೇಳಲು ಅತಿ ಬಡವರು ಯಾರೆಂದು ಹುಡುಕಿ ಅಮ್ಮನನ್ನು ಆರಿಸಿದ. ಅಮ್ಮನಿಗೆ ಸಭೆ ಹೊಸದು. ಭಯದಲ್ಲಿ ಎದ್ದು ನಿಂತವಳು, ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಸಿದದ್ದು ಯಾವಾಗ ಎಂದು ಯೋಚಿಸಿ, ಪ್ರಾಮಾಣಿಕವಾಗಿ ಹೇಳತೊಡಗಿದಳು. ಜೋಳದ ದಿಂಡು ಬೀಸಿ ತಿಂದದ್ದು, ಮರದ ತೊಗಟೆ ಕುದಿಸಿದ್ದು, ಕಾಲು ಊದಿಕೊಂಡ ಅಕ್ಕಪಕ್ಕದವರು ಒಬ್ಬೊಬ್ಬರೇ ಹೋದದ್ದು. ಜನ ನಿಜಕ್ಕೂ ಅತ್ತರು. ಅಷ್ಟು ಅಳುವನ್ನು ಆ ಯುವಕ ಯಾವ ಊರಿನಲ್ಲೂ ಕಂಡಿರಲಿಲ್ಲ. ಅವನು ಹಿಗ್ಗಿ, ಮುಷ್ಟಿ ಎತ್ತಿ ಕೂಗಿದ: "ಹೇಳು ತಾಯಿ, ನಿನಗೆ ಈ ಗತಿ ತಂದ ಜಮೀನ್ದಾರ ಯಾರು?"

"ಯಾವ ಜಮೀನ್ದಾರ ಮಗಾ?" ಎಂದಳು ಅಮ್ಮ. "ಇದು ಸರ್ಕಾರ ನಡೆಸ್ತಿದ್ದ ನಮ್ಮ ಸಾಮೂಹಿಕ ಊಟದ ಮನೆ ಮುಚ್ಚಿದ ವರ್ಷ. ಮೊನ್ನೆ ಮೊನ್ನೆ. ಜಮೀನ್ದಾರ ಇದ್ದಾಗ ಹಬ್ಬಕ್ಕಾದರೂ ಜೋಳ ಸಿಗ್ತಿತ್ತಲ್ಲ!"

ನಾನು ಮೇಜಿಗೆ ತಲೆ ಹಚ್ಚಿ ನಕ್ಕೆ. ಶೋಭಾ ಅನುವಾದದ ಮಧ್ಯೆಯೇ ನಕ್ಕಳು. ಕಪಾಟಿನಲ್ಲಿದ್ದ ಪ್ರಕಾಶನೂ ನಕ್ಕ. ಮೀಟಿಂಗಿನಲ್ಲಿದ್ದವರು ಏನೆಂದುಕೊಂಡರೋ ಗೊತ್ತಿಲ್ಲ.

"ಅಮ್ಮಂಗೆ ಏನ್ ಮಾಡಿದ್ರು ಆಮೇಲೆ?" ಶೋಭಾ ಕೇಳಿದಳು.

"ಹಿಮದಲ್ಲಿ ನಿಲ್ಸಿ ಬೈದ್ರು. ಚಳಿಗಾಲ ಪೂರ್ತಿ ಬೀದಿ ಗುಡಿಸಿದ್ಲು. ಆದ್ರೆ ಊರಲ್ಲಿ ಅದೇ ಮಾತಾಯ್ತು. ಯಾರ್ದಾದ್ರೂ ಕೋಳಿ ಸತ್ರೆ, ಗಂಜಿ ತೆಳ್ಳಗಾದ್ರೆ, ಕಿವೀಲಿ ಮೆಲ್ಲಗೆ ಕೇಳೋರು, ಯಾವ ಜಮೀನ್ದಾರ? ಅಮ್ಮ ಸಾಯೋವರೆಗೂ ಅದನ್ನ ಹೇಳ್ಕೊಂಡು ನಗ್ತಿದ್ಲು. ಅವಳು ಹೋದ್ಮೇಲೇ ನಾನು ಜಪಾನಿಗೆ ಬಂದಿದ್ದು. ಇದ್ದಿದ್ರೆ ಬರ್ತಿರಲಿಲ್ಲ."

ಆಮೇಲೆ ವಿಷಯಕ್ಕೆ ಬಂದರು. ವಾರ್ಡಿನಲ್ಲಿ ಹಳೆಯ ನೆನಪು ಹೇಳುವವರ ಒಂದು ಬಳಗವಿದೆ. ಶರತ್ಕಾಲದ ಸಭೆಯಲ್ಲಿ ಈ ಸಲ ಅವರ ಸರದಿ. ವಯಸ್ಸಾಗಿದೆ, ಮತ್ತೆ ಸರದಿ ಬರುತ್ತದೋ ಇಲ್ಲವೋ. ಅಮ್ಮ ಹೇಳುತ್ತಿದ್ದ ಹಾಗೆಯೇ ಇದನ್ನು ಹೇಳಬೇಕು, ಜನ ನಗಬೇಕು. ಆದರೆ ಬಳಗದ ಹಿರಿಯರು ಒಪ್ಪುತ್ತಿಲ್ಲ.

"ಅವರಿಗೆ ಅಳು ಬೇಕು," ಎಂದರು ಕಿಮಿಯೆ-ಸಾನ್. "ಅಲ್ಲೂ ಅಳು ಅಂದ್ರು, ಇಲ್ಲೂ ಅಳು ಅಂತಾರೆ. ನಾನು ಅತ್ಕೊಂಡು ಹೇಳಿದ್ರೆ ಅಮ್ಮನ್ನ ಎರಡನೇ ಸಲ ಅದೇ ಸಭೇಲಿ ನಿಲ್ಸಿದ ಹಾಗೆ."

ಒಗಾತಾ-ಸಾನ್ ಅವರ ಮೇಜು

ಬಳಗದ ಹಿರಿಯರು ಒಗಾತಾ-ಸಾನ್, ನಿವೃತ್ತ ಹೆಡ್‌ಮಾಸ್ಟರು. ಸಮುದಾಯ ಭವನದ ಚಿಕ್ಕ ಕೋಣೆಯಲ್ಲಿ, ಮೇಜಿನ ಮೇಲೆ ಪಾರದರ್ಶಕ ಹಾಳೆ ನಿಲ್ಲಿಸಿಕೊಂಡು ಕೂತಿದ್ದರು. ಸಭೆಗೆ ಎರಡು ವಾರ ಇರುವಾಗ ನಾವು ಮೂವರೂ ಹೋದೆವು. ನಾನು ಹೋದದ್ದು ಬೆಂಬಲಕ್ಕೆ. ಹೆಡ್‌ಮಾಸ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆದರೆ ಇವರ ಮೇಲೆ ಜಗಳ ಮಾಡುವುದೇ ಕಷ್ಟ. ಅಷ್ಟು ಬಾಗುತ್ತಾರೆ. ಕಥೆಯನ್ನು ಪೂರ್ತಿ ಕೇಳಿದರು. ಜಮೀನ್ದಾರನ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿದರು.

"ಬಹಳ ದುಃಖದ ಕಥೆ," ಎಂದರು.

"ಅದು ನಗಬೇಕಾದ ಜಾಗ," ಎಂದರು ಕಿಮಿಯೆ-ಸಾನ್.

"ಸುಮಿಮಾಸೆನ್," ಎಂದರು, ಅಂದರೆ ಕ್ಷಮಿಸಿ. "ಎಲ್ಲಿ?"

ಮತ್ತೆ ಹೇಳಿದರು. ಒಗಾತಾ-ಸಾನ್ ಮತ್ತೆ ಗಂಭೀರವಾಗಿ ತಲೆಯಾಡಿಸಿದರು. ಹಿಮದಲ್ಲಿ ಬೀದಿ ಗುಡಿಸುವ ದೃಶ್ಯದಲ್ಲಿ ಮುಗಿಸಿದರೆ ಹೇಗೆ ಎಂದರು. ಜಮೀನ್ದಾರನ ಭಾಗವನ್ನು ಸ್ವಲ್ಪ ಚಿಕ್ಕದು ಮಾಡಬಹುದು ಎಂದರು. ಎಷ್ಟು ಚಿಕ್ಕದು ಎಂದರೆ, ಇಲ್ಲದಷ್ಟು.

ನನಗೆ ತಡೆಯಲಾಗಲಿಲ್ಲ. "ಶೋಭಾ, ಕೇಳು ಅವರನ್ನ, ನಗುವಿಗೆ ಯಾಕಿಷ್ಟು ಹೆದರಿಕೆ ಅಂತ."

ಶೋಭಾ ಅದನ್ನು ಎಷ್ಟೋ ಬಟ್ಟೆಯಲ್ಲಿ ಸುತ್ತಿ ಕೇಳಿದಳು. ಒಗಾತಾ-ಸಾನ್ ಒರೆಸಿದ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು: ಅವರು ಮೇಷ್ಟ್ರಾಗಿದ್ದಾಗ ಚೀನಾದಿಂದ ಬಂದವರ ಮಕ್ಕಳು ಶಾಲೆಗೆ ಸೇರಿದ್ದರು. ಆ ಮಕ್ಕಳು ಬಾಯಿ ತೆರೆದರೆ ಸಾಕು, ತರಗತಿ ನಗುತ್ತಿತ್ತು. ಮಾತಿನ ಧಾಟಿಗೆ. "ಕಿಮಿಯೆ-ಸಾನ್ ಅವರ ಧಾಟಿಯೂ ಹಾಗೇ ಇದೆ. ಜನ ನಕ್ಕರೆ, ಯಾವುದಕ್ಕೆ ನಕ್ಕರು ಅಂತ ನನಗೆ ಹೇಗೆ ತಿಳೀಬೇಕು?"

ಕಿಮಿಯೆ-ಸಾನ್ ಎದ್ದರು. ಬಾಗಿ ಹೊರಬಂದೆವು. ನಾನು ಬಯ್ಯಲೆಂದು ಕೂಡಿಟ್ಟಿದ್ದ ಮಾತೆಲ್ಲ ಹಾಗೇ ಉಳಿಯಿತು. ದಾರಿಯಲ್ಲಿ ಅಜ್ಜಿ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದರು. "ಅವರು ಹೇಳಿದ್ದು ಸುಳ್ಳಲ್ಲ. ಕೊಂಬಿನಿಯಲ್ಲಿ ಈಗಲೂ ಹುಡುಗರು ನಗ್ತಾರೆ."

ಮತ್ತೆ ಪಾರ್ಕು

ಮರುದಿನ ನಾನೇ ಪಾಠಕ್ಕೆ ನಿಂತೆ. ಕಷ್ಟ ಹೇಳಿಕೊಳ್ಳುವುದರಲ್ಲಿ ನನಗೆ ಅನುಭವ ಉಂಟು. ನಮ್ಮ ಕಡೆ ಸನ್ಮಾನವೆಂದರೆ ಅದೇ ತಾನೇ? ಶಾಲು ಹೊದಿಸಿ, ಹಾರ ಹಾಕಿ, ಈಗ ನಿಮ್ಮ ಬಡತನವನ್ನು ನಾಲ್ಕು ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಒಮ್ಮೆ ಒಬ್ಬರು ನನ್ನನ್ನು ಕೆಸರಿನಲ್ಲಿ ಅರಳಿದ ಕಮಲ ಎಂದು ಪರಿಚಯಿಸಿದರು. ಮೈಕ್ ನನ್ನ ಕೈಗೆ ಬಂದಾಗ, "ನಮ್ಮಪ್ಪ ಅಮ್ಮ ಕೆಸರೇನ್ರೀ?" ಎಂದು ಕೇಳಿದ್ದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ವರ್ಷ ಕರೆಯಲಿಲ್ಲ.

ಇದನ್ನು ಹೇಳಿದಾಗ ಕಿಮಿಯೆ-ಸಾನ್ ಮುಖ ಅರಳಿತು. "ನೀವು ಹೇಳ್ವಾಗ ನಕ್ರಾ?"

"ಒಂದು ಚೂರೂ ಇಲ್ಲ. ನಿಜವಾಗ್ಲೂ ಸಿಟ್ಟು ಬಂದಿತ್ತು."

"ಅಮ್ಮನೂ ಅಷ್ಟೇ. ಹೇಳ್ವಾಗ ಕಲ್ಲಿನ ಮುಖ."

ಹಾಗಾದರೆ ನೀವೂ ಕಲ್ಲಿನ ಮುಖ ಇಡಿ ಎಂದೆ. ಧಾಟಿ ಮುಚ್ಚಲು ಹೋಗಬೇಡಿ. ಮುಚ್ಚಲು ಹೋದರೆ ಜನ ಅದನ್ನೇ ಕೇಳಿಸಿಕೊಳ್ಳುತ್ತಾರೆ. ನಾನು ಮೊದಲು ಪಾಠಕ್ಕೆ ನಿಂತಾಗ ನಮ್ಮ ಊರ ಮಾತನ್ನು ಮುಚ್ಚಲು ಹೋಗಿ, ಹುಡುಗರು ನನಗೆ "ಬಾನುಲಿ" ಎಂದು ಹೆಸರಿಟ್ಟಿದ್ದರು.

"ಮತ್ತೆ ಒಗಾತಾ-ಸಾನ್ ಕೇಳಿರೋ ಭಾಷಣ?" ಶೋಭಾ ಕೇಳಿದಳು. ಮುಂಚೆಯೇ ಬರೆದು ಒಪ್ಪಿಸಬೇಕಿತ್ತು.

ಕಿಮಿಯೆ-ಸಾನ್ ಕಣ್ಣು ಮಿಟುಕಿಸಿದರು. "ಹಿಮ, ಪೊರಕೆ, ಕಣ್ಣೀರು, ಎಲ್ಲಾ ಬರೆದು ಕೊಟ್ಟಿದೀನಿ. ದೊಡ್ಡೋರಿಗೆ ಬೇಕಾದ್ದನ್ನ ಬರೆದು ಕೊಡೋದು, ಬಾಯಲ್ಲಿ ಬೇರೆ ಹೇಳೋದು. ಮೂವತ್ತು ವರ್ಷ ಅದನ್ನೇ ತಾನೇ ಮಾಡಿದ್ದು ನಾವು?"

"ಅಕ್ಕಾ, ಆಮೇಲೆ ಒಗಾತಾ-ಸಾನ್ ನನ್ನ ಹಿಡ್ಕೊಂಡು ಕೇಳಿದ್ರೆ?" ಎಂದಳು ಶೋಭಾ. "ನಾನು ಇಲ್ಲಿ ಬಾಳ್ಬೇಕು ಕಣೇ. ನೀನು ಫ್ಲೈಟ್ ಹತ್ತಿ ಹೋಗ್ತೀಯ."

ಸಭಾಂಗಣ

ಬಾಗಿಲಲ್ಲಿ ಹಣೆಗೆ ಜ್ವರ ನೋಡುವ ಪಿಸ್ತೂಲು, ಕೈಗೆ ಸ್ಯಾನಿಟೈಸರು. ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿ. ಗೋಡೆಯ ಮೇಲೆ ಸೂಚನೆ: ಸೋಂಕು ತಡೆಯಲು ಜೋರು ಮಾತು, ಕೂಗು, ನಗು ಬೇಡ, ಚಪ್ಪಾಳೆ ಸಾಕು. ಆ ವರ್ಷ ಜಪಾನಿನ ಎಲ್ಲ ಸಭೆಗಳಲ್ಲೂ ಅದೇ ನಿಯಮ. ನಗಿಸಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಪ್ರತಿ ಕುರ್ಚಿಯ ಮೇಲೆ ಒಗಾತಾ-ಸಾನ್ ಒಂದೊಂದು ಪೊಟ್ಟಣ ಟಿಶ್ಯೂ ಇಡಿಸಿದ್ದರು, ಅಳುವವರಿಗೆ ಅನುಕೂಲವಾಗಲೆಂದು.

ಪಿಸುಗುಟ್ಟುವಂತಿಲ್ಲವಾದ್ದರಿಂದ, ಎರಡು ಕುರ್ಚಿ ಆಚೆ ಕೂತ ಶೋಭಾ ಅನುವಾದವನ್ನು ನನ್ನ ಫೋನಿಗೆ ಟೈಪು ಮಾಡಿ ಕಳಿಸುತ್ತಿದ್ದಳು. ಹಾಗಾಗಿ ಸಭೆ ಕೇಳಿದ್ದು ನನಗೆ ಎರಡು ವಾಕ್ಯ ತಡವಾಗಿ ತಲುಪುತ್ತಿತ್ತು.

ಕಿಮಿಯೆ-ಸಾನ್ ವೇದಿಕೆಗೆ ಬಂದರು. ಮೈಕು ಅವರ ಹಣೆಯ ಮಟ್ಟಕ್ಕಿತ್ತು. ಅದನ್ನು ಇಳಿಸಿ ಶುರು ಮಾಡಿದರು. ಜಪಾನಿ ಬಾರದ ನನಗೂ ಕೇಳುತ್ತಿತ್ತು, ಅವರ ಮಾತು ಬೇರೆಯವರಂತೆ ಚಪ್ಪಟೆಯಾಗಿರದೆ ಏರಿ ಇಳಿಯುತ್ತಿತ್ತು. ಅದನ್ನು ಮುಚ್ಚಲಿಲ್ಲ. ಮುಂದಿನ ಸಾಲಿನಲ್ಲಿ ಒಗಾತಾ-ಸಾನ್ ಹಾಳೆ ಹಿಡಿದು, ಬರೆದು ಕೊಟ್ಟದ್ದಕ್ಕೂ ಹೇಳುತ್ತಿದ್ದುದಕ್ಕೂ ಬೆರಳಿಟ್ಟು ತಾಳೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಹಾಳೆ ತಿರುಗಿಸಿದರು. ಹಿಂದೆ ತಿರುಗಿಸಿದರು. ಆಮೇಲೆ ತೊಡೆಯ ಮೇಲೆ ಇಟ್ಟುಬಿಟ್ಟರು.

ಜೋಳದ ದಿಂಡು ಬಂತು, ತೊಗಟೆ ಬಂತು. ಕೆಲವರು ಟಿಶ್ಯೂ ಪೊಟ್ಟಣ ಬಿಡಿಸಿದರು. ಕನ್ನಡಕದ ಯುವಕ ಮುಷ್ಟಿ ಎತ್ತಿದ. ಕಿಮಿಯೆ-ಸಾನ್ ಕಲ್ಲಿನ ಮುಖದಲ್ಲಿ ಆ ಮಾತು ಹೇಳಿ ನಿಂತರು. ನನ್ನ ಫೋನು ಮಿನುಗಿತು: "ಯಾವ ಜಮೀನ್ದಾರ ಮಗಾ."

ಯಾರೂ ನಗಲಿಲ್ಲ.

ತಿರುಗಿ ನೋಡಿದೆ. ಸಾಲು ಸಾಲು ಬಿಳಿ ಮಾಸ್ಕು. ಕಲ್ಲಿನ ಮುಖ ಇಡಿ ಎಂದವಳು ನಾನೇ ತಾನೇ? ಕಿಮಿಯೆ-ಸಾನ್ ಸಭೆಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು. ಆದರೂ ಬಿಡಲಿಲ್ಲ. ಸತ್ತ ಕೋಳಿಯ ಬಗ್ಗೆ ಹೇಳಿದರು, ತೆಳು ಗಂಜಿಯ ಬಗ್ಗೆ ಹೇಳಿದರು, ಮದುವೆ ಮುರಿದ ಹುಡುಗನ ಕಿವಿಯಲ್ಲಿ ಊರು ಏನು ಕೇಳಿತೆಂದು ಹೇಳಿದರು. ಕೊನೆಗೆ ಬಾಗಿದರು. ನಿಯಮದಂತೆ ಚಪ್ಪಾಳೆ ಬಂತು, ಅಚ್ಚುಕಟ್ಟಾಗಿ.

ಜಪಾನಿನಲ್ಲಿ ಯಾವ ಸಭೆಯೂ ಪಾಠ ಹೇಳದೆ ಮುಗಿಯುವುದಿಲ್ಲ. ಇಂದು ನಾವು ಏನು ಕಲಿತೆವು ಎಂದು ಒಬ್ಬರು ಹೇಳಬೇಕು. ಒಗಾತಾ-ಸಾನ್ ಎದ್ದರು. ಸಿದ್ಧ ಮಾಡಿಕೊಂಡಿದ್ದ ಚೀಟಿ ತೆಗೆದರು.

"ಈ ದುರಂತ ಮತ್ತೆಂದೂ…" ಎಂದು ಶುರು ಮಾಡಿ, ಕೆಮ್ಮಿದರು.

ಮತ್ತೆ ಶುರು ಮಾಡಿದರು. ಮತ್ತೆ ಕೆಮ್ಮು, ಈ ಸಲ ಉದ್ದವಾಗಿ. ಆ ವರ್ಷ ಕೆಮ್ಮೆಂದರೆ ಏನು ಗೊತ್ತಲ್ಲ? ಮುಂದಿನ ಸಾಲು ಇಡಿಯಾಗಿ ಹಿಂದಕ್ಕೆ ಬಾಗಿತು. ಒಬ್ಬ ಹೆಂಗಸು ಕುರ್ಚಿ ಸಮೇತ ಸರಿದರು. ಬಾಗಿಲಲ್ಲಿದ್ದ ಸ್ವಯಂಸೇವಕ ಜ್ವರದ ಪಿಸ್ತೂಲು ಹಿಡಿದು ಓಡಿ ಬಂದ. ಒಗಾತಾ-ಸಾನ್ ಅವನನ್ನು ಕೈಯೆತ್ತಿ ತಡೆದರು. ಮುಖವೆಲ್ಲ ಕೆಂಪಾಗಿತ್ತು. ಮೈಕಿಗೆ ಬಾಗಿ ಏನೋ ಹೇಳಿದರು. ನನ್ನ ಫೋನು ಮಿನುಗಿತು.

"ಸುಮಿಮಾಸೆನ್. ಇದು ಕೆಮ್ಮಲ್ಲ, ನಗು ಅಂತಿದಾರೆ ಅಕ್ಕಾ. ಎರಡು ವಾರದಿಂದ ತಡ್ಕೊಂಡಿದೀನಿ ಅಂತಿದಾರೆ."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಒಬ್ಬರ ನಗು ಸಿಡಿಯಿತು. ಆಮೇಲೆ ಬಲಗಡೆಯಿಂದ. ಆಮೇಲೆ ಎಲ್ಲ ಕಡೆಯಿಂದ. ಮಾಸ್ಕುಗಳು ಉಬ್ಬಿ ಉಬ್ಬಿ ಇಳಿದವು. ಇಷ್ಟು ಹೊತ್ತು ಎಲ್ಲರೂ ಸೂಚನಾ ಫಲಕಕ್ಕೆ ಮರ್ಯಾದೆ ಕೊಟ್ಟು ಕೂತಿದ್ದರಂತೆ! ಪಕ್ಕದ ಅಜ್ಜ ಜಪಾನಿಯಲ್ಲಿ ಏನೋ ಹೇಳಿ ತಮ್ಮ ತೊಡೆ ತಟ್ಟಿಕೊಂಡರು. ಅನುವಾದ ಬೇಕಾಗಲಿಲ್ಲ.

ಕಿಮಿಯೆ-ಸಾನ್ ಮಾತ್ರ ಕಲ್ಲಿನ ಮುಖದಲ್ಲೇ ನಿಂತಿದ್ದರು. ಒಗಾತಾ-ಸಾನ್ ಕಣ್ಣೊರೆಸಿಕೊಂಡು, ಚೀಟಿಯನ್ನು ಜೇಬಿಗೆ ಹಾಕಿ, ಅವರ ಕಡೆ ತಿರುಗಿ ಕೇಳಿದರು. "ನಿಮ್ಮ ತಾಯಿಯವರ ಹೆಸರೇನು? ನಾನು ಕೇಳಲೇ ಇಲ್ಲ."

ನಾವೂ ಕೇಳಿರಲಿಲ್ಲ. ಇಷ್ಟು ದಿನ ಅಮ್ಮ, ಅಮ್ಮ ಎಂದೇ ಕಥೆ ಸಾಗಿತ್ತು.

ಕಿಮಿಯೆ-ಸಾನ್ ಬಿಳಿ ಹಲಗೆಯ ಬಳಿ ಹೋಗಿ ದೊಡ್ಡದಾಗಿ ಬರೆದರು. ಚೀನೀ ಅಕ್ಷರಗಳನ್ನೇ ಜಪಾನಿಗಳೂ ಬಳಸುತ್ತಾರೆ, ಉಚ್ಚಾರ ಮಾತ್ರ ಬೇರೆ. ಸಭೆ ಅದನ್ನು ಜಪಾನಿ ರೀತಿಯಲ್ಲಿ ಓದಿತು.

"ಹಾಗಲ್ಲ," ಎಂದರು ಅಜ್ಜಿ. "ಗುಯಿಲಾನ್."

ಜನ ಮತ್ತೆ ಪ್ರಯತ್ನಿಸಿದರು, ತಪ್ಪಾಯಿತು. ಅವರು ಮರದ ಕಡ್ಡಿಯಿಂದ ಹಲಗೆ ತಟ್ಟಿ, ತಮ್ಮ ಏರಿ ಇಳಿಯುವ ಧಾಟಿಯಲ್ಲೇ, ದನಿ ಎಲ್ಲಿ ಏಳಬೇಕೆಂದು ಕೈಯೆತ್ತಿ ತೋರಿಸಿದರು. ನಾನೂ ಮಧುಗಿರಿಯ ನಾಲಿಗೆಯನ್ನು ಸಾಧ್ಯವಾದಷ್ಟು ಬಾಗಿಸಿದೆ. ಒಗಾತಾ-ಸಾನ್ ಎಲ್ಲರಿಗಿಂತ ಕೆಟ್ಟದಾಗಿ ಹೇಳುತ್ತಿದ್ದರು. ಅಜ್ಜಿ ಅವರೊಬ್ಬರಿಂದಲೇ ಇನ್ನೊಮ್ಮೆ ಹೇಳಿಸಿದರು.

"ಗುಯಿಲಾನ್," ಎಂದಿತು ಸಭೆ, ಮಾಸ್ಕುಗಳ ಒಳಗಿನಿಂದ, ಜೋರಾಗಿ.